ಲೆಸ್ ಪಾಲ್ ಮಾದರಿ ಗಿಟಾರಿಗೆ ಬಿಗ್ಸ್‌ಬಿ: ತೂತು ಕೊರೆಯದೆ ಹಾಕಲು ಆಗುತ್ತಾ?

ಆರನೇ_ತಂತಿ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಲೆಸ್ ಪಾಲ್ ಮಾದರಿಯ ಒಂದು ಗಿಟಾರಿದೆ. ಕಂಪನಿ ಹೆಸರು ಬೇಡ, ದುಬಾರಿಯದ್ದೇನಲ್ಲ. ಒಂಬತ್ತು ವರ್ಷದಿಂದ ಜೊತೆಗಿದೆ, ಮಾರುವ ಮನಸ್ಸಿಲ್ಲ. ಮೇಲ್ಭಾಗ ಉಬ್ಬಿದೆ. ತಂತಿಗಳು ಒರಗುವ ಟ್ಯೂನೋಮ್ಯಾಟಿಕ್ ಬ್ರಿಡ್ಜ್, ಅದರ ಹಿಂದೆ ಎರಡು ಸ್ಟಡ್ (ದಪ್ಪ ಸ್ಕ್ರೂ) ಮೇಲೆ ಕೂತ, ತಂತಿಗಳ ತುದಿ ಹಿಡಿಯುವ ಮಾಮೂಲಿ ಸ್ಟಾಪ್ ಟೇಲ್‌ಪೀಸ್.

ಇದಕ್ಕೆ ಬಿಗ್ಸ್‌ಬಿ, ಅಂದರೆ ಹಿಡಿ ಒತ್ತಿ ತಂತಿಗಳ ಸ್ವರ ಅಲುಗಿಸುವ ಟೇಲ್‌ಪೀಸ್, ಹಾಕಿಸುವ ಆಸೆ ಬಂದಿದೆ. ದೊಡ್ಡ ಸರ್ಕಸ್ ಏನೂ ಬೇಡ. ಒಂದು ಕಾರ್ಡ್ ಬಾರಿಸಿ ಬಿಟ್ಟು, ಅದು ಆರುವ ಮುಂಚೆ ನಿಧಾನಕ್ಕೆ ನಡುಗಿಸಬೇಕು. ಅಷ್ಟೇ. ನನ್ನ ಪ್ರಶ್ನೆಗಳು ಇವು. ಅದರ ಮಾದರಿಗಳಲ್ಲಿ ಬಿ5 ತಗೊಳ್ಳಬೇಕಾ, ಬಿ7 ತಗೊಳ್ಳಬೇಕಾ? ಗಿಟಾರಿಗೆ ತೂತು ಕೊರೆಯದೆ ಆಗುತ್ತಾ? ಮತ್ತೆ, "ಹಾಕಿಸಿದರೆ ಶ್ರುತಿ ನಿಲ್ಲಲ್ಲ" ಅಂತ ನಮ್ಮ ಬ್ಯಾಂಡಿನ ಡ್ರಮ್ಮರ್ ಕೂಡ ಹೇಳುತ್ತಿದ್ದಾನೆ. ಅವನಿಗೆ ಶ್ರುತಿಯ ಚಿಂತೆ ಯಾಕೋ ಗೊತ್ತಿಲ್ಲ.

ಮರಗೆಲಸ_ಮಂಜ (ಮೈಸೂರು)

ಬಿ7. ಬಿ5 ಚಿಕ್ಕದು, ಕುದುರೆ ಲಾಳದ ಆಕಾರ, ಅದರ ತಳ ಚಪ್ಪಟೆ. ಎಸ್‌ಜಿ, ಟೆಲಿಕ್ಯಾಸ್ಟರ್ ಥರದ ಚಪ್ಪಟೆ ಮೈಗೆ ಚೆನ್ನಾಗಿ ಕೂರುತ್ತೆ. ನಿಮ್ಮ ಉಬ್ಬಿದ ಮೈ ಮೇಲೆ ಇಟ್ಟರೆ ಬೋರಲು ಹಾಕಿದ ಬಾಣಲೆ ಮೇಲೆ ತಟ್ಟೆ ಇಟ್ಟ ಹಾಗೆ ಅಲುಗಾಡುತ್ತೆ. ಬಿ7 ಉದ್ದ ಇದೆ. ಅದರ ಬಾಲ ಗಿಟಾರಿನ ಕೊನೆಗೆ ಬಂದು, ಬೆಲ್ಟ್ ಹಾಕುವ ಗುಂಡಿಯ ಹತ್ತಿರ ಮಡಚಿಕೊಂಡು ಪಕ್ಕಕ್ಕೆ ಸ್ಕ್ರೂ ಆಗುತ್ತೆ. ಮುಂದುಗಡೆ ಮೈ ಮೇಲೆ ಎರಡು ಸ್ಕ್ರೂ. ಉಬ್ಬಿನ ಮೇಲೆ ಸೇತುವೆ ಥರ ಕೂರುತ್ತೆ ಅಂದುಕೊಳ್ಳಿ. ಬಿ3, ಬಿ6 ಅಂತಲೂ ಇವೆ. ಅವು ಒಳಗೆ ಟೊಳ್ಳಾಗಿರುವ, ಮೇಲ್ಭಾಗ ಉಬ್ಬಿದ ಆರ್ಚ್‌ಟಾಪ್‌ಗಳಿಗೆ. ಅವುಗಳಲ್ಲಿ ತಂತಿಯನ್ನು ಕೆಳಕ್ಕೆ ಒತ್ತುವ ಎರಡನೇ ಸರಳು ಇರುವುದಿಲ್ಲ. ಬಿ50, ಬಿ70 ಅನ್ನುವುದು ಇದೇ ವಿನ್ಯಾಸದ, ಲೈಸೆನ್ಸ್ ಮೇಲೆ ಮಾಡಿದ ಅಗ್ಗದ ರೂಪ. ಕೆಲಸಕ್ಕೆ ಏನೂ ಮೋಸ ಇಲ್ಲ.

ತೂತು ಬೇಡ ಅಂದರೆ ವೈಬ್ರಾಮೇಟ್ ಅನ್ನುವ ಅಡಾಪ್ಟರ್ ಪ್ಲೇಟ್ ಸಿಗುತ್ತೆ. ಬಿ7ಗೆ ವಿ7, ಬಿ5ಗೆ ವಿ5. ಸ್ಟಾಪ್ ಟೇಲ್‌ಪೀಸ್ ತೆಗೆದು, ಅದೇ ಸ್ಟಡ್ ತೂತುಗಳಲ್ಲಿ ಪ್ಲೇಟ್ ಕೂರಿಸುವುದು. ನಾಳೆ ಬೇಡ ಅನ್ನಿಸಿದರೆ ಬಿಚ್ಚಿ ಹಳೆಯದನ್ನೇ ಹಾಕಬಹುದು. ಆದರೆ ತರಿಸುವ ಮುಂಚೆ ನಿಮ್ಮ ಸ್ಟಡ್ ಅಳತೆ ನೋಡಿಕೊಳ್ಳಿ. ಅಮೆರಿಕದಲ್ಲಿ ಮಾಡಿದ ಗಿಟಾರುಗಳಲ್ಲಿ ಇಂಚಿನ ಲೆಕ್ಕದ ಮರೆ (ಸ್ಕ್ರೂ ಸುತ್ತು), ಏಷ್ಯಾದಲ್ಲಿ ಮಾಡಿದವುಗಳಲ್ಲಿ ಸಾಮಾನ್ಯವಾಗಿ 8 ಮಿ.ಮೀ. ಮೆಟ್ರಿಕ್ ಮರೆ. ಒಂದರಲ್ಲಿ ಇನ್ನೊಂದು ಹೋಗುವುದಿಲ್ಲ. ಬಲವಂತ ಮಾಡಿದರೆ ಮರೆ ಕೆಡುತ್ತೆ.

ಇನ್ನು ಶ್ರುತಿ. ಅದಕ್ಕೆ ಮುಂಚೆ ನಾನೊಂದು ಕೇಳುತ್ತೇನೆ. ಈಗ, ಬಿಗ್ಸ್‌ಬಿ ಇಲ್ಲದೇನೇ, ಟ್ಯೂನ್ ಮಾಡುವಾಗ ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಗೀರಿನ ಪಟ್ಟಿ) ಹತ್ತಿರ "ಟಿಂಗ್" ಅಂತ ಸದ್ದು ಬರುತ್ತಾ?

ಧಾರವಾಡ_ಡಿಲೇ

ನಾ ಒಂದು ಕಹಿ ಮಾತು ಹೇಳತೀನ್ರೀ, ಸಿಟ್ಟಾಗಬ್ಯಾಡ್ರಿ. ಬಿಗ್ಸ್‌ಬಿ ಅಂದ್ರ ಗಿಟಾರಿಗೆ ಹಾಕೋ ವಡವಿ. ನೋಡಲಿಕ್ಕೆ ಛಂದ, ತೂಕ ಜಾಸ್ತಿ, ಮಾಡೋ ಕೆಲಸ ಅರ್ಧ ಸ್ವರ, ಬಾಳಾದ್ರ ಒಂದು ಸ್ವರ. ನಿಜವಾಗಿ ವೈಬ್ರಾಟೋ ಬೇಕು ಅಂದ್ರ ಫ್ಲಾಯ್ಡ್ ರೋಸ್. ನಟ್ ಮ್ಯಾಗ ಲಾಕ್, ಬ್ರಿಡ್ಜ್ ಮ್ಯಾಗ ಲಾಕ್. ತಂತಿ ಪೂರ್ತಿ ಸಡ್ಲ ಬಿಟ್ಟು ವಾಪಸ್ ತಂದ್ರೂ ಶ್ರುತಿ ಅಲ್ಲೇ.

ಮರಗೆಲಸ_ಮಂಜ (ಮೈಸೂರು)

ಡಿಲೇ ಸರ್, ಅವರು ಕೇಳಿದ್ದು ತೂತೇ ಬೇಡ ಅಂತ. ನೀವು ಹೇಳುತ್ತಿರುವುದಕ್ಕೆ ಮೈಯಲ್ಲಿ ಬಾವಿ ತೋಡಬೇಕು. ಹಿಂದೆ ಸ್ಪ್ರಿಂಗ್‌ಗೆ ಇನ್ನೊಂದು ಬಾವಿ. ಒಂಬತ್ತು ವರ್ಷದ ಸಂಗಾತಿಗೆ ಆ ಆಪರೇಷನ್ ಯಾಕೆ?

ಧಾರವಾಡ_ಡಿಲೇ

ಅದೂ ಖರೆ. ಹಂಗಾರ ಬಿಡ್ರಿ.

ವೀಣೆಯಿಂದ_ಬಂದವಳು (ಶಿವಮೊಗ್ಗ)

ಇಲ್ಲಿ ಹೊಸಬಳು. ಹದಿನಾರು ವರ್ಷ ವೀಣೆ ಕಲಿತು, ಈಗ ಮಗನ ಎಲೆಕ್ಟ್ರಿಕ್ ಗಿಟಾರ್ ಕಸಿದುಕೊಂಡು ನುಡಿಸುತ್ತಿದ್ದೇನೆ. ದಡ್ಡ ಪ್ರಶ್ನೆ ಅನ್ನಿಸಿದರೆ ಬೈಯಬೇಡಿ. ಬೆರಳಿನಲ್ಲೇ ತಂತಿ ಎಳೆದು ಸ್ವರ ಅಲುಗಿಸಬಹುದಲ್ಲ, ಅದಕ್ಕೆ ಇಷ್ಟು ದೊಡ್ಡ ಕಬ್ಬಿಣ ಯಾಕೆ? ಮತ್ತೆ, ಕೆಲವರು ಟ್ರೆಮೊಲೊ ಅನ್ನುತ್ತಾರೆ, ಕೆಲವರು ವೈಬ್ರಾಟೋ. ಎರಡೂ ಒಂದೇನಾ?

ಸೋಲ್ಡರ್_ಸ್ವಾಮಿ (ತುಮಕೂರು)

ಕಬ್ಬಿಣ ಅಲ್ಲ ಮೇಡಂ, ಅಲ್ಯೂಮಿನಿಯಂ. ಹೆಸರಿನ ಗೋಜಲು ಮಾತ್ರ ಮಜವಾಗಿದೆ. ಸ್ವರ ಮೇಲೆ ಕೆಳಗೆ ಆದರೆ ವೈಬ್ರಾಟೋ. ಸ್ವರ ಅಲ್ಲೇ ಇದ್ದು ಸದ್ದು ಜೋರು-ಮೆಲ್ಲಗೆ ಆದರೆ ಟ್ರೆಮೊಲೊ. ಲಿಯೋ ಫೆಂಡರ್ 1954ರಲ್ಲಿ ಸ್ಟ್ರಾಟೋಕ್ಯಾಸ್ಟರ್‌ಗೆ ಹಾಕಿದ್ದು ಸ್ವರ ಅಲುಗಿಸುವ ಯಂತ್ರ. ಪೇಟೆಂಟ್‌ನಲ್ಲೇ ಅದಕ್ಕೆ ಟ್ರೆಮೊಲೊ ಅಂತ ಬರೆಸಿದ. ಅದೇ ಕಂಪನಿಯ ಎಷ್ಟೋ ಆಂಪ್ಲಿಫೈಯರ್‌ಗಳಲ್ಲಿ ಸದ್ದು ಏರಿಳಿಸುವ ಗುಬುಟಿಗೆ ವೈಬ್ರಾಟೋ ಅಂತ ಹೆಸರಿಟ್ಟ. ಎರಡೂ ಉಲ್ಟಾ. ಎಪ್ಪತ್ತು ವರ್ಷ ಆಯ್ತು, ಇನ್ನೂ ಯಾರೂ ಸರಿ ಮಾಡಿಲ್ಲ. ಅಂಗಡಿಯಲ್ಲಿ ಟ್ರೆಮೊಲೊ ಆರ್ಮ್ ಅಂತಲೇ ಕೇಳಿ, ಇಲ್ಲದಿದ್ದರೆ ಅವರಿಗೆ ಗೊತ್ತಾಗಲ್ಲ.

ಕರಾವಳಿ_ಕಾರ್ಡ್ (ಮಂಗಳೂರು)

ಅಕ್ಕ, ನಿಮ್ಮ ಮೊದಲನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ವೀಣೆಯಲ್ಲಿ ಮೆಟ್ಟಿಲ ಮೇಲೆ ತಂತಿ ಎಳೆದರೆ ಸ್ವರ ಮೇಲಕ್ಕೆ ಮಾತ್ರ ಹೋಗುತ್ತೆ ಅಲ್ವಾ? ಎಳೆದಷ್ಟು ಬಿಗಿ. ಬೆರಳಿನಿಂದ ಗಿಟಾರಿನಲ್ಲೂ ಹಾಗೇ. ಬಿಗ್ಸ್‌ಬಿ ಹಿಡಿ ಒತ್ತಿದರೆ ತಂತಿ ಸಡಿಲ ಆಗುತ್ತೆ, ಸ್ವರ ಇರುವ ಜಾಗದಿಂದ ಕೆಳಕ್ಕೆ ಇಳಿಯುತ್ತೆ. ಬಿಟ್ಟರೆ ವಾಪಸ್. ಸ್ವಲ್ಪ ಮೇಲಕ್ಕೆ ಎತ್ತಿದರೆ ಏರುತ್ತೆ. ಇನ್ನೊಂದು, ಆರೂ ತಂತಿ ಒಟ್ಟಿಗೆ. ಬೆರಳಿನಿಂದ ಇಡೀ ಕಾರ್ಡ್ ಅಲುಗಿಸಲಿಕ್ಕೆ ಆಗುವುದಿಲ್ಲ. ಆದರೆ ಆರೂ ಒಂದೇ ಅಳತೆಯಲ್ಲಿ ಇಳಿಯುವುದಿಲ್ಲ ಎನ್ನುವುದೂ ಇದೆ. ದಪ್ಪ ತಂತಿ ಒಂದು ರೀತಿ, ಸಪೂರ ತಂತಿ ಒಂದು ರೀತಿ. ಹಾಗಾಗಿ ಜಾಸ್ತಿ ಒತ್ತಿದರೆ ಕಾರ್ಡೇ ಹುಳಿಯಾಗುತ್ತದೆ. ಬಿಗ್ಸ್‌ಬಿ ಸ್ವಲ್ಪವೇ ಅಲುಗುವುದು ಅದರ ಬಡತನ ಅಲ್ಲ, ಅದೇ ಅದರ ರುಚಿ. ಡುವೇನ್ ಎಡ್ಡಿ, ಚೆಟ್ ಆಟ್ಕಿನ್ಸ್ ಕೇಳಿ ನೋಡಿ. ಇಬ್ಬರೂ ಗ್ರೆಚ್ ಗಿಟಾರಿನ ಬಿಗ್ಸ್‌ಬಿಯವರೇ.

ಈಗ ನನ್ನ ಕಥೆ. ನನ್ನದು ಸೆಮಿ ಹಾಲೋ, ನಡುವೆ ಗಟ್ಟಿ ಮರದ ದಿಮ್ಮಿ ಇರುವ ನಮೂನೆ. ಅಡಾಪ್ಟರಿಗೆ ಕಾಯುವ ತಾಳ್ಮೆ ಇರಲಿಲ್ಲ. ಒಂದು ಅಂಗಡಿಗೆ ಕೊಟ್ಟೆ. ಅವರು ಬೆಲ್ಟ್ ಗುಂಡಿಯನ್ನೇ ನಡುಮಧ್ಯ ಎಂದುಕೊಂಡು ತೂತು ಕೊರೆದರು. ಗುಂಡಿ ಮೂರು ಮಿ.ಮೀ. ಆಚೆ ಇತ್ತು! ಟೇಲ್‌ಪೀಸ್ ಓರೆಯಾಗಿ ಕೂತಿತು, ತಂತಿಗಳು ಬ್ರಿಡ್ಜ್ ಮೇಲೆ ಪಕ್ಕಕ್ಕೆ ಎಳೆದುಕೊಂಡು ನಿಂತವು. ಒಂದನೇ ತಂತಿ ಜೋರಾಗಿ ಬಾರಿಸಿದರೆ ಬ್ರಿಡ್ಜಿನ ಸ್ಯಾಡಲ್‌ನ ಗೀರಿನಿಂದ ಹಾರಿ ಹೊರಗೆ. ತೂತಿಗೆ ಮರದ ಕಡ್ಡಿ ತುಂಬಿ, ಅಂಟು ಹಾಕಿ, ಮತ್ತೆ ಕೊರೆಯಬೇಕಾಯಿತು. ಮೇಲಿನ ಎರಡು ತೂತಿನ ಕಲೆ ಈಗಲೂ ಇದೆ. ಇದೇ ನಮೂನೆಯ 335 ಗಿಟಾರನ್ನು ಗಿಬ್ಸನ್‌ನವರೇ ಬಿಗ್ಸ್‌ಬಿ ಹಾಕಿ ಕಳಿಸುವಾಗ ಎಷ್ಟೋ ಸಲ ಸ್ಟಾಪ್ ಟೇಲ್‌ಪೀಸಿನ ತೂತುಗಳ ಮೇಲೆ "ಕಸ್ಟಮ್ ಮೇಡ್" ಎಂದು ಬರೆದ ಪಟ್ಟಿ ಹೊಡೆದು ಮುಚ್ಚುತ್ತಿದ್ದರು. ನನಗೆ ಅಂಥ ಪಟ್ಟಿ ಎರಡು ಬೇಕು.

ಮರಗೆಲಸ_ಮಂಜ (ಮೈಸೂರು)

ಯಾರಾದರೂ ಕೊರೆಯುವುದೇ ಆದರೆ: ಗುಂಡಿ ನಂಬಬೇಡಿ, ಮೈಯ ಜೋಡಣೆ ಗೆರೆಯನ್ನೂ ನಂಬಬೇಡಿ. ಎರಡು ಹೊರಗಿನ ತಂತಿ, ಅಂದರೆ ಎರಡು ಇ ಮಾತ್ರ ಕಟ್ಟಿ, ಟೇಲ್‌ಪೀಸ್ ಟೇಪ್‌ನಲ್ಲಿ ಅಂಟಿಸಿ, ತಂತಿ ಸ್ವಲ್ಪ ಬಿಗಿ ಮಾಡಿ. ಎರಡೂ ಫ್ರೆಟ್‌ಬೋರ್ಡಿನ ಎರಡು ಅಂಚಿನಿಂದ ಒಂದೇ ದೂರದಲ್ಲಿ ಬರುವವರೆಗೆ ಟೇಲ್‌ಪೀಸ್ ಸರಿಸಿ. ಆಮೇಲೆ ಗುರುತು. ಬಣ್ಣದ ಮೇಲೆ ಪೇಪರ್ ಟೇಪ್ ಅಂಟಿಸಿ ಅದರ ಮೇಲೆ ಕೊರೆಯಿರಿ, ಇಲ್ಲದಿದ್ದರೆ ಬಣ್ಣ ಸಿಡಿಯುತ್ತೆ. ಸ್ಕ್ರೂಗೆ ಸ್ವಲ್ಪ ಮೇಣ ಹಚ್ಚಿ. ಮೇಪಲ್ ಮರ ಗಟ್ಟಿ, ಒಣ ಸ್ಕ್ರೂ ಅರ್ಧಕ್ಕೆ ಹೋಗಿ ತಲೆ ಮುರಿಯುತ್ತೆ. ಆಮೇಲೆ ಅದನ್ನು ತೆಗೆಯುವುದು ಹಲ್ಲು ಕೀಳಿಸಿದ ಹಾಗೆ.

ಸೋಲ್ಡರ್_ಸ್ವಾಮಿ (ತುಮಕೂರು)

ಯಾರೂ ಹೇಳದೇ ಇರುವುದು ಒಂದಿದೆ. ಅರ್ಥ್ ವೈರ್.

ಲೆಸ್ ಪಾಲ್ ಮಾದರಿಗಳಲ್ಲಿ ಒಳಗಿನಿಂದ ಒಂದು ವೈರ್ ಬಂದು ಸಾಮಾನ್ಯವಾಗಿ ಸ್ಟಾಪ್ ಟೇಲ್‌ಪೀಸಿನ ಸ್ಟಡ್ ಕೂರುವ ಲೋಹದ ಬುಷ್‌ಗೆ ತಾಗಿರುತ್ತೆ. ಸ್ಟಡ್‌ನಿಂದ ಟೇಲ್‌ಪೀಸ್, ಅಲ್ಲಿಂದ ತಂತಿ. ನೀವು ತಂತಿ ಮುಟ್ಟಿದಾಗ ಗುಂಯ್‌ ಅನ್ನುವ ಹಮ್ ಕಡಿಮೆ ಆಗುವುದು ಇದರಿಂದ. ಈಗ ಸ್ಟಾಪ್ ಟೇಲ್‌ಪೀಸ್ ತೆಗೆದು, ಬಿ7 ಅನ್ನು ನೇರವಾಗಿ ಮರಕ್ಕೆ ಸ್ಕ್ರೂ ಹೊಡೆದರೆ, ಬುಷ್‌ಗೂ ತಂತಿಗೂ ಸಂಬಂಧವೇ ಇಲ್ಲ. ಗಿಟಾರು ಜೇನುಗೂಡು. ನನ್ನ ಹತ್ತಿರ ಒಬ್ಬರು ಪಿಕಪ್ (ತಂತಿಯ ಸದ್ದು ಹಿಡಿಯುವ ಭಾಗ) ಹಾಳಾಗಿದೆ ಅಂತ ತಂದಿದ್ದರು. ಪಿಕಪ್ ಚೆನ್ನಾಗೇ ಇತ್ತು. ಒಳಗಿನಿಂದ ಹೊಸ ವೈರ್ ಎಳೆದು ಬಿಗ್ಸ್‌ಬಿ ತಳಕ್ಕೆ ಒತ್ತಿಕೊಳ್ಳುವ ಹಾಗೆ ಮಾಡಿದೆ. ತಳದಲ್ಲಿ ಬಣ್ಣವೋ ಲೇಪವೋ ಇದ್ದರೆ ಅಷ್ಟು ಜಾಗ ಉಜ್ಜಿ ಬರೀ ಲೋಹ ಕಾಣಿಸಬೇಕು.

ಅಡಾಪ್ಟರ್ ಪ್ಲೇಟ್ ಸ್ಟಡ್ ಮೇಲೇ ಕೂರುವುದರಿಂದ ಈ ತೊಂದರೆ ಬರಬಾರದು. ಆದರೂ ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಒಂದು ಕಡ್ಡಿ ತಂತಿಗೆ, ಇನ್ನೊಂದು ಜ್ಯಾಕಿನ ಹೊರ ಲೋಹಕ್ಕೆ ಇಡಿ. ಬೀಪ್ ಅಂದರೆ ನಿಶ್ಚಿಂತೆ.

ಆರನೇ_ತಂತಿ (ಬೆಂಗಳೂರು)

ಎರಡು ತಿಂಗಳ ಮೇಲೆ ಬರುತ್ತಿದ್ದೇನೆ. ಬಿ7, ವಿ7 ಪ್ಲೇಟ್ ಎರಡೂ ಬಂತು. ಕಸ್ಟಮ್ಸ್ ಸೇರಿ ಖರ್ಚು ಗಿಟಾರಿನ ಬೆಲೆಯ ಅರ್ಧಕ್ಕಿಂತ ಜಾಸ್ತಿ. ಮನೆಯಲ್ಲಿ ಹೇಳಿಲ್ಲ. ಸ್ಟಡ್ ಮೆಟ್ರಿಕ್ಕೇ ಇತ್ತು, ಮಂಜಣ್ಣ ಹೇಳದಿದ್ದರೆ ಕೆಡಿಸುತ್ತಿದ್ದೆ. ಕೂರಿಸಲು ಒಂದು ಗಂಟೆ. ಬೀಪ್ ಕೂಡ ಬಂತು, ಸ್ವಾಮಿಗಳೇ.

ಸದ್ದು ಏನ್ ಹೇಳಲಿ! ಬ್ರಿಡ್ಜ್‌ನಿಂದ ಹಿಂದೆ ತಂತಿ ಉದ್ದ ಜಾಸ್ತಿ ಇರುವುದಕ್ಕೋ ಏನೋ, ಬಿಗಿ ಸ್ವಲ್ಪ ಕಡಿಮೆ ಆದ ಹಾಗೆ, ಬೆರಳಿಗೆ ಮೆತ್ತಗೆ ಅನ್ನಿಸುತ್ತೆ. ಕಾರ್ಡ್ ಬಾರಿಸಿ ಅಂಗೈ ಒರಗಿಸಿದರೆ ನೀರಿನ ಮೇಲೆ ದೋಣಿ ತೂಗಿದ ಹಾಗೆ.

ಆದರೆ ಡ್ರಮ್ಮರ್ ಗೆದ್ದ. ಎರಡು ಸಲ ಹಿಡಿ ಒತ್ತಿದರೆ ಸಾಕು, ಜಿ ತಂತಿ ಹೋಗೇ ಬಿಡುತ್ತೆ. ಡಿ ಕೂಡ ಸ್ವಲ್ಪ. ಉಳಿದವು ಪರವಾಗಿಲ್ಲ. ಬಿಗ್ಸ್‌ಬಿಯೇ ಹೀಗಾ? ರೋಲರ್ ಬ್ರಿಡ್ಜ್ ತಗೊಳ್ಳಲಾ? ಲಾಕಿಂಗ್ ಟ್ಯೂನರ್ ಹಾಕಲಾ?

ಧಾರವಾಡ_ಡಿಲೇ

ನಾ ಏನೂ ಅನ್ನಂಗಿಲ್ಲ ಬಿಡ್ರಿ.

ಮರಗೆಲಸ_ಮಂಜ (ಮೈಸೂರು)

ಏನೂ ತಗೋಬೇಡಿ. ಒಂದು ರೂಪಾಯಿ ಖರ್ಚು ಮಾಡಬೇಡಿ ಈಗ. ಎರಡು ತಿಂಗಳ ಹಿಂದೆ ಟಿಂಗ್ ಬರುತ್ತಾ ಅಂತ ಕೇಳಿದ್ದೆ, ನೀವು ಉತ್ತರ ಕೊಡಲಿಲ್ಲ.

ಇನ್ನೊಂದು ಕೇಳುತ್ತೇನೆ. ಹಿಡಿ ಒತ್ತಿ ಬಿಟ್ಟ ಮೇಲೆ ಜಿ ತಂತಿ ಇಳಿದು ನಿಲ್ಲುತ್ತಾ, ಏರಿ ನಿಲ್ಲುತ್ತಾ? ಶ್ರುತಿ ತೋರಿಸುವ ಟ್ಯೂನರ್ ನೋಡಿ ಹೇಳಿ.

ಆರನೇ_ತಂತಿ (ಬೆಂಗಳೂರು)

ಈಗ ನೋಡಿದೆ. ಏರಿ ನಿಲ್ಲುತ್ತೆ! ನಾನು ಇಳಿಯುತ್ತೆ ಅಂದುಕೊಂಡಿದ್ದೆ. ಟಿಂಗ್ ಕೂಡ ಬರುತ್ತೆ ಮಂಜಣ್ಣ. ಕ್ಷಮಿಸಿ, ಒಂಬತ್ತು ವರ್ಷದಿಂದ ಬರುತ್ತಿದೆ. ಅದು ತಂತಿ ಬಿಗಿಯುವ ಟ್ಯೂನರ್ ಬಿರಡೆಯ ಸದ್ದು ಅಂದುಕೊಂಡಿದ್ದೆ.

ಮರಗೆಲಸ_ಮಂಜ (ಮೈಸೂರು)

ಸಿಕ್ಕಿಬಿತ್ತು. ಕೂತು ಓದಿ, ಸ್ವಲ್ಪ ಉದ್ದ ಆಗುತ್ತೆ.

ತಂತಿ ನಟ್‌ನಿಂದ ಬ್ರಿಡ್ಜ್‌ವರೆಗೆ ಮಾತ್ರ ಇಲ್ಲ. ನಟ್ ಆಚೆ, ಟ್ಯೂನರ್‌ವರೆಗೆ ಒಂದು ತುಂಡು ಇದೆ. ಹಿಡಿ ಒತ್ತಿದಾಗ ಈ ಕಡೆ ಸಡಿಲ, ಆ ಕಡೆ ಇನ್ನೂ ಬಿಗಿ. ಆ ಬಿಗಿ ತುಂಡು ನಟ್‌ನ ಗೀರಿನ ಮೂಲಕ ಕೂದಲೆಳೆಯಷ್ಟು ತಂತಿಯನ್ನು ತನ್ನ ಕಡೆ ಎಳೆದುಕೊಳ್ಳುತ್ತೆ. ಹಿಡಿ ಬಿಟ್ಟಾಗ ಅಷ್ಟೇ ತಂತಿ ವಾಪಸ್ ಬರಬೇಕು. ಗೀರು ಬಿಗಿ ಇದ್ದರೆ ಬರಲ್ಲ, ಅಲ್ಲೇ ಕಚ್ಚಿಕೊಳ್ಳುತ್ತೆ. ಈ ಕಡೆ ತಂತಿ ಕಡಿಮೆ ಬಿತ್ತು, ಬಿಗಿ ಜಾಸ್ತಿ ಆಯಿತು, ಸ್ವರ ಏರಿತು. ಬೆರಳಿನಿಂದ ತಂತಿ ಎಳೆದು ಬಿಟ್ಟಾಗ ಇದರ ಉಲ್ಟಾ, ಇಳಿದು ನಿಲ್ಲುತ್ತೆ. ನಿಮಗೆ ಅದೂ ಆಗುತ್ತಿರಬೇಕು, ಗಮನಿಸಿರಲ್ಲ. ಟಿಂಗ್ ಅನ್ನುವುದು ಕಚ್ಚಿಕೊಂಡಿದ್ದ ತಂತಿ ಜಾರಿದ ಸದ್ದು.

ಖಾತ್ರಿಗೆ, ಏರಿ ನಿಂತಾಗ ಹನ್ನೆರಡನೇ ಫ್ರೆಟ್ ಹತ್ತಿರ ಜಿ ತಂತಿ ಹಿಡಿದು ಮೆಲ್ಲಗೆ ಮೇಲಕ್ಕೆ ಎತ್ತಿ ಬಿಡಿ. ಶ್ರುತಿ ಸರಿಹೋದರೆ ನಟ್‌ನಲ್ಲೇ ರೋಗ ಇರುವ ಸಂಭವ ಜಾಸ್ತಿ. ಬ್ರಿಡ್ಜ್ ಕೂಡ ಹೀಗೆ ಮಾಡಬಹುದು, ಆದರೆ ಮೊದಲು ನಟ್.

ಜಿ, ಡಿ ಎರಡೇ ಯಾಕೆ? ನಿಮ್ಮ ಹೆಡ್‌ಸ್ಟಾಕ್ (ಕತ್ತಿನ ತುದಿಯ ತಲೆ) ನೋಡಿ. ಮೂರು ಟ್ಯೂನರ್ ಆ ಕಡೆ, ಮೂರು ಈ ಕಡೆ. ನಡುವಿನ ಎರಡು ತಂತಿ ನಟ್ ದಾಟಿದ ತಕ್ಷಣ ಪಕ್ಕಕ್ಕೆ ತಿರುಗಿ ದೂರದ ಟ್ಯೂನರ್‌ಗೆ ಹೋಗಬೇಕು. ಅದರ ಮೇಲೆ ಹೆಡ್‌ಸ್ಟಾಕ್ ಹಿಂದಕ್ಕೆ ಬಾಗಿದೆ. ಪಕ್ಕಕ್ಕೂ ಕೆಳಕ್ಕೂ ಎರಡೂ ತಿರುವು. ಸ್ಟ್ರಾಟೋಕ್ಯಾಸ್ಟರ್‌ನಲ್ಲಿ ಆರೂ ನೇರವಾಗಿ ಹೋಗುತ್ತವೆ, ಅಲ್ಲಿ ಈ ಕಾಟ ಕಡಿಮೆ. ಇದು ಬಿಗ್ಸ್‌ಬಿ ತಂದ ರೋಗ ಅಲ್ಲ. ಒಂಬತ್ತು ವರ್ಷದಿಂದ ನಿಮ್ಮ ಗಿಟಾರಿಗೆ ಇದ್ದಿದ್ದನ್ನು ಬಿಗ್ಸ್‌ಬಿ ತೋರಿಸಿತು.

ಮದ್ದು: ತಂತಿ ಸಡಿಲ ಮಾಡಿ ಪಕ್ಕಕ್ಕೆ ಸರಿಸಿ, ಗೀರಿನಲ್ಲಿ ಮೆತ್ತನೆಯ ಪೆನ್ಸಿಲ್ ಉಜ್ಜಿ. 6ಬಿ ಇದ್ದರೆ ಒಳ್ಳೆಯದು, 2ಬಿ ಆದರೂ ನಡೆಯುತ್ತೆ. ಅದರಲ್ಲೇ ಸುಮಾರು ಸರಿಹೋಗಬಹುದು. ಹೋಗದಿದ್ದರೆ ಗೀರನ್ನು ತಂತಿಯ ದಪ್ಪಕ್ಕಿಂತ ಒಂಚೂರು ಅಗಲ ಮಾಡಬೇಕು, ಹಿಂಬದಿಯನ್ನು ಟ್ಯೂನರ್ ದಿಕ್ಕಿಗೆ ಸವರಬೇಕು. ಆಳ ಮಾತ್ರ ಮಾಡಬಾರದು. ಆಳ ಆದರೆ ಬಿಟ್ಟ ತಂತಿ ಫ್ರೆಟ್‌ಗೆ ತಾಗಿ ಝರ್ ಅನ್ನುತ್ತೆ, ಹೊಸ ನಟ್ಟೇ ಗತಿ. ನಟ್ ಫೈಲ್ ಇಲ್ಲದವರು ಸುಮ್ನೆ ಕೈ ಹಾಕಬೇಡಿ.

ಕರಾವಳಿ_ಕಾರ್ಡ್ (ಮಂಗಳೂರು)

ಮಂಜಣ್ಣನ ಮಾತಿಗೆ ಒಂದು ಹಳೇ ಕಥೆ ಸೇರಿಸುತ್ತೇನೆ. ಬಿಗ್ಸ್‌ಬಿ ಹುಟ್ಟಿದ್ದೇ ಶ್ರುತಿಯ ಗೋಳಿನಿಂದ. ಮರ್ಲ್ ಟ್ರಾವಿಸ್ ಎಂಬ ಗಿಟಾರಿಸ್ಟ್‌ನ ಗಿಬ್ಸನ್ ಗಿಟಾರಿನಲ್ಲಿ ಹಳೆಯ ಕಾಲದ ಕೌಫ್‌ಮನ್ ವೈಬ್ರಾಟೋ ಇತ್ತು. ಶ್ರುತಿ ನಿಲ್ಲುತ್ತಿರಲಿಲ್ಲ. ಅವನು ಅದನ್ನು ಕ್ಯಾಲಿಫೋರ್ನಿಯಾದ ಪಾಲ್ ಬಿಗ್ಸ್‌ಬಿ ಹತ್ತಿರ ತಗೊಂಡು ಹೋದ. ಈ ಮನುಷ್ಯ ಯಂತ್ರದ ಕೆಲಸದವನು, ಮೋಟರ್‌ಸೈಕಲ್ ಹುಚ್ಚಿನವನು. ರಿಪೇರಿ ಮಾಡುವುದು ಬಿಟ್ಟು ಹೊಸದನ್ನೇ ಮಾಡಿಕೊಟ್ಟ. ಆಮೇಲೆ ಕಂಪನಿ ಮೂರು ಮನೆ ನೀರು ಕುಡಿಯಿತು. 1966ರಲ್ಲಿ ಗಿಬ್ಸನ್‌ನ ಮಾಜಿ ಅಧ್ಯಕ್ಷ ಟೆಡ್ ಮೆಕಾರ್ಟಿ, 1999ರಲ್ಲಿ ಗ್ರೆಚ್, 2019ರಲ್ಲಿ ಫೆಂಡರ್.

ನಮ್ಮ ಕಡೆಯವರಿಗೆ ಒಂದು ಕಿವಿಮಾತು. ಮಳೆಗಾಲದಲ್ಲಿ ಇಲ್ಲಿ ತಂತಿ ಎರಡು ವಾರಕ್ಕೆ ತುಕ್ಕು ಹಿಡಿಯುತ್ತದೆ. ತುಕ್ಕು ತಂತಿ ನಟ್‌ನಲ್ಲೂ ಜಾರುವುದಿಲ್ಲ, ಸ್ಯಾಡಲ್‌ನಲ್ಲೂ ಜಾರುವುದಿಲ್ಲ. ಬಾರಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ ಇಡಿ.

ಆರನೇ_ತಂತಿ (ಬೆಂಗಳೂರು)

ಪೆನ್ಸಿಲ್ ಹಾಕಿದೆ. ಡಿ ಪೂರ್ತಿ ಸರಿ. ಜಿ ಮುಕ್ಕಾಲು ಪಾಲು. ಫೈಲ್ ಇರುವ ಒಬ್ಬರ ಹತ್ತಿರ ಹೋಗಿ ಗೀರು ಸವರಿಸಿದೆ, ಹದಿನೈದು ನಿಮಿಷದ ಕೆಲಸ. ಈಗ ಇಪ್ಪತ್ತು ಸಲ ಒತ್ತಿದರೂ ಟ್ಯೂನರಿನ ಮುಳ್ಳು ಅಲುಗಾಡಿ ಅಲ್ಲೇ ಬಂದು ನಿಲ್ಲುತ್ತೆ. ಟಿಂಗ್ ಸದ್ದು ಸತ್ತುಹೋಯ್ತು.

ಡ್ರಮ್ಮರ್‌ಗೆ ತೋರಿಸಿದೆ. "ಮುಂಚೇನೂ ನಿನ್ನ ಜಿ ತಂತಿ ಸರಿ ಇರ್ತಿರಲಿಲ್ಲ, ಹೇಳಿ ಹೇಳಿ ಸಾಕಾಗಿತ್ತು" ಅಂದ. ಅವನಿಗೆ ಶ್ರುತಿಯ ಚಿಂತೆ ಯಾಕೆ ಅಂತ ಈಗ ಗೊತ್ತಾಯ್ತು.

ಒಂದೇ ಗೋಳು. ಮೊನ್ನೆ ತಂತಿ ಬದಲಿಸೋಣ ಅಂತ ಆರೂ ಬಿಚ್ಚಿದೆ. ಸ್ಪ್ರಿಂಗ್ ಟಣ್ ಅಂತ ಹಾರಿ ಮಂಚದ ಕೆಳಗೆ ಹೋಯಿತು, ಬ್ರಿಡ್ಜ್ ಕಳಚಿ ಕೈಗೆ ಬಂತು. ಹೊಸ ತಂತಿಯ ತುದಿಯ ಗುಂಡು ಬಿಗ್ಸ್‌ಬಿ ಉರುಳೆಯ ಪುಟ್ಟ ಮೊಳೆಗೆ ಸಿಕ್ಕಿಸಿ, ಟ್ಯೂನರ್ ತಿರುಗಿಸುವಷ್ಟರಲ್ಲಿ ಜಾರಿ ಬೀಳುತ್ತೆ. ಆರು ತಂತಿಗೆ ಒಂದೂವರೆ ಗಂಟೆ. ನನಗೆ ಮೂರನೇ ಕೈ ಬೇಕು.

ವೀಣೆಯಿಂದ_ಬಂದವಳು (ಶಿವಮೊಗ್ಗ)

ವೀಣೆಗೆ ತಂತಿ ಕಟ್ಟುವಾಗ ನಾವು ಒಂದೊಂದೇ ಬದಲಿಸುತ್ತೇವೆ. ಎಲ್ಲ ಒಟ್ಟಿಗೆ ಬಿಚ್ಚಿದರೆ ನಮ್ಮ ಗುರುಗಳು ಬೈಯುತ್ತಿದ್ದರು. ಇದಕ್ಕೂ ಅದೇ ಅಲ್ವಾ?

ಮರಗೆಲಸ_ಮಂಜ (ಮೈಸೂರು)

ಅದೇ ಅಕ್ಕ. ಒಂದೊಂದೇ ಬದಲಿಸಿದರೆ ಸ್ಪ್ರಿಂಗೂ ಹಾರಲ್ಲ, ಬ್ರಿಡ್ಜೂ ಬೀಳಲ್ಲ.

ಗುಂಡು ಜಾರುವುದಕ್ಕೆ: ಗುಂಡಿನ ಹತ್ತಿರದ ಒಂದಿಂಚು ತಂತಿಯನ್ನು ಪೆನ್ಸಿಲ್ ಸುತ್ತ ಬಗ್ಗಿಸಿ ಕೊಕ್ಕೆ ಥರ ಮಾಡಿಕೊಳ್ಳಿ. ಆ ಕೊಕ್ಕೆ ಉರುಳೆಯನ್ನು ತಬ್ಬಿಕೊಂಡು ಕೂರುತ್ತೆ. ಸ್ಪಾಂಜಿನ ಒಂದು ತುಂಡು ಉರುಳೆ ಕೆಳಗೆ ತುರುಕಿದರೆ ಗುಂಡು ಅಲುಗಲ್ಲ. ಒಂದನೇ ಫ್ರೆಟ್‌ಗೆ ಕ್ಯಾಪೋ (ತಂತಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ತಂತಿ ಹಿಡಿಸಿಬಿಟ್ಟರೆ ಅದೇ ನಿಮ್ಮ ಮೂರನೇ ಕೈ. ಆಮೇಲೆ ಟ್ಯೂನರ್ ಆರಾಮಾಗಿ ಸುತ್ತಿ.

ಹಿಡಿ ಎತ್ತರ ಜಾಸ್ತಿ ಅನ್ನಿಸಿದರೆ ಸ್ಪ್ರಿಂಗ್ ಬದಲಿಸಬಹುದು, ಬೇರೆ ಬೇರೆ ಎತ್ತರದವು ಸಿಗುತ್ತವೆ. ಆದರೆ ಅದಕ್ಕೆ ಮುಂಚೆ ಒಂದು ಸೈಜ್ ದಪ್ಪ ತಂತಿ ಹಾಕಿ ನೋಡಿ. ದಪ್ಪ ತಂತಿ ಹಿಡಿಯನ್ನು ಕೆಳಕ್ಕೆ ಎಳೆಯುತ್ತೆ.

ಧಾರವಾಡ_ಡಿಲೇ

ಆರನೇ ತಂತಿ ಅವರ, ನಿಮ್ಮ ಹಳೇ ಸ್ಟಾಪ್ ಟೇಲ್‌ಪೀಸ್ ಖಾಲಿ ಬಿದ್ದಿರಬೇಕಲ್ಲ? ನನ್ನ ಇನ್ನೊಂದು ಗಿಟಾರಿಗೆ ಬೇಕಾಗೇದ. ಕೊಡತೀರೇನು?

ಆರನೇ_ತಂತಿ (ಬೆಂಗಳೂರು)

ಇಲ್ಲ ಸರ್. ಸ್ಟಡ್ ಸಮೇತ ಪ್ಲಾಸ್ಟಿಕ್ ಕವರಿಗೆ ಹಾಕಿ ಕೇಸಿನಲ್ಲೇ ಇಟ್ಟಿದ್ದೇನೆ. ಮನೆಯಲ್ಲಿ ಕೇಳಿದರೆ ಅದನ್ನೇ ತೋರಿಸಬೇಕು, ಬಿಗ್ಸ್‌ಬಿ ಸ್ನೇಹಿತನದ್ದು, ವಾಪಸ್ ಕೊಡಬೇಕು ಅಂತ.